ತಪ್ಪು ಜಾಗದಲ್ಲಿ ಬಿದ್ದ ನಗು

ಮೊದಲು ನಡೆದದ್ದನ್ನು ಹೇಳುತ್ತೇನೆ. ಡಚ್ಚರ ನಾಡಿನ ಆಮರ್ಸ್‌ಫೋರ್ಟ್‌ನ ಒಂದು ಬಾಡಿಗೆ ಸಭಾಂಗಣದಲ್ಲಿ ನಮ್ಮ ಕನ್ನಡ ಬಳಗದ ರಾಜ್ಯೋತ್ಸವ ನಡೆಯುತ್ತಿತ್ತು. ಜಮೈಕಾದಲ್ಲಿ ಹುಟ್ಟಿ ಬೆಳೆದ ಒಬ್ಬ ನಿವೃತ್ತ ಶಿಕ್ಷಕಿ ವೇದಿಕೆಗೆ ಬಂದು, ತಮ್ಮ ತಂದೆ ತೀರಿಕೊಂಡ ಮೇಲಿನ ಒಂದು ಪ್ರಸಂಗ ಹೇಳಿದರು. ಅದು ನಗಿಸುವ ಪ್ರಸಂಗ. ಸಭೆ ಚೆನ್ನಾಗಿಯೇ ನಕ್ಕಿತು. ಆದರೆ ಪ್ರಸಂಗಕ್ಕೆ ನಗಲಿಲ್ಲ, ಅವರನ್ನು ನೋಡಿ ನಕ್ಕಿತು.

ನಾನು ಹುಬ್ಬಳ್ಳಿಯ ಒಂದು ಪತ್ರಿಕೆಯ ಡೆಸ್ಕಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳು. ಯಾರು ಏನೆಂದರು ಎಂಬುದನ್ನು ಅವರು ಅಂದ ಹಾಗೆಯೇ ಬರೆಯಬೇಕು, ನಮ್ಮ ಸಿಟ್ಟನ್ನು ಸುದ್ದಿಯೊಳಗೆ ಸೇರಿಸಬಾರದು ಎಂದು ಅಲ್ಲಿ ಕಲಿತಿದ್ದೆ. ಈ ಬರಹದಲ್ಲಿ ಮೊದಲನೆಯದನ್ನು ಪಾಲಿಸಿದ್ದೇನೆ. ಎರಡನೆಯದು ಆಗಲಿಲ್ಲ.

ಹೇಗ್ ನಗರದ ಪಕ್ಕದ ರೈಸ್‌ವೈಕ್‌ನಲ್ಲಿ ಆ ಶಿಕ್ಷಕಿಯ ಮನೆ ನಮ್ಮ ಮನೆಯ ಪಕ್ಕದ್ದು. ಡಚ್ಚರೊಬ್ಬರನ್ನು ಮದುವೆಯಾಗಿ ಬಂದವರು, ಈಗ ಒಬ್ಬರೇ ಇದ್ದಾರೆ. ಬುಧವಾರ ಮಧ್ಯಾಹ್ನ ಇಲ್ಲಿ ಶಾಲೆಗಳು ಬೇಗ ಬಿಡುತ್ತವೆ. ಆ ಹೊತ್ತಿಗೆ ಬಡಾವಣೆಯ ಗ್ರಂಥಾಲಯದಲ್ಲಿ ಅವರು ಮಕ್ಕಳಿಗೆ ಜಮೈಕಾದ ನಗೆಕಥೆಗಳನ್ನು ಹೇಳುತ್ತಾರೆ. ಪಾದ್ರಿಯ ಟೋಪಿ ತಿಂದ ಮೇಕೆಯ ಕಥೆ, ಬಸ್ಸಿನ ಛಾವಣಿ ಏರಿ ಕೂತ ದೆವ್ವದ ಕಥೆ, ಹೀಗೆ. ಮಕ್ಕಳು ನೆಲಕ್ಕೆ ಬಿದ್ದು ನಗುತ್ತಾರೆ. ಮುಗಿದ ಕೂಡಲೇ 'ನೋಖ್ ಏನ್ ಕೇರ್!' ಎಂದು ಕೂಗುತ್ತಾರೆ, ಅಂದರೆ ಇನ್ನೊಮ್ಮೆ ಹೇಳಿ ಎಂದು. ಮಕ್ಕಳು ಜಾಕೆಟ್ ಹಾಕಿಕೊಳ್ಳಲು ಆಚೆ ಹೋದಾಗ, ಅದೇ ಕಥೆಯ ಉಳಿದ ಒಂದು ಸಾಲನ್ನು ಅವರು ದೊಡ್ಡವರಿಗೆ ಹೇಳುತ್ತಾರೆ. ಮಕ್ಕಳಿಗೆ ಕಥೆ, ದೊಡ್ಡವರಿಗೆ ಅದರ ಬಾಲ. ನನ್ನ ಮಗಳನ್ನು ಕರೆದುಕೊಂಡು ಹೋಗುತ್ತಿದ್ದ ನಾನು ನಿಜವಾಗಿ ಹೋಗುತ್ತಿದ್ದದ್ದು ಆ ಬಾಲಕ್ಕಾಗಿ.

ಆ ವರ್ಷ ಗದಗಿನಿಂದ ನಮ್ಮ ಅವ್ವ ಬಂದಿದ್ದಳು. ಅವ್ವನಿಗೆ ಇಂಗ್ಲಿಷ್ ಬಾರದು, ಶಿಕ್ಷಕಿಗೆ ಕನ್ನಡ ಬಾರದು. ಆದರೂ ಬಿಸಿಲು ಬಿದ್ದ ದಿನಗಳಲ್ಲಿ ಇಬ್ಬರೂ ನಮ್ಮ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ನಡುವೆ ಒಂದು ಸ್ಟೂಲಿನ ಮೇಲೆ ಕೂತು ಆಚಿನದನ್ನು ಈಚೆಗೆ, ಈಚಿನದನ್ನು ಆಚೆಗೆ ದಾಟಿಸುವುದು ನನ್ನ ಕೆಲಸ. ಅವ್ವ ಅವರನ್ನು 'ಬಾಯಾರ' ಎಂದು ಕರೆಯುತ್ತಿದ್ದಳು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರನ್ನು ಹಾಗೆಯೇ ಕರೆಯುವುದು. ಅವರು ಆ ಹೆಸರಿಗೆ ಓಗೊಡುವುದನ್ನೂ ಕಲಿತರು.

ಅಲ್ಲಿಯೇ ಒಂದು ದಿನ ಅವರು ತಂದೆಯ ಪ್ರಸಂಗ ಹೇಳಿದ್ದು. ಅದನ್ನು ಇಲ್ಲಿ ಬರೆಯಲು ಅವರ ಒಪ್ಪಿಗೆ ಕೇಳಿದ್ದೇನೆ. 'ಏನನ್ನೂ ತೆಗೆಯಬೇಡ' ಎಂದಷ್ಟೇ ಅಂದರು.

ಜಮೈಕಾದಲ್ಲಿ ಯಾರಾದರೂ ತೀರಿಕೊಂಡರೆ ಒಂಬತ್ತನೆಯ ರಾತ್ರಿ ಊರೆಲ್ಲ ಆ ಮನೆಯ ಅಂಗಳದಲ್ಲಿ ಸೇರುತ್ತದೆ. ಮೀನು ಕರಿಯುತ್ತಾರೆ, ಕಾಫಿ ಕಾಯಿಸುತ್ತಾರೆ, ರಮ್ ಸುರಿಯುತ್ತಾರೆ. ಹಾಡು, ಪಗಡೆಯಂಥ ಆಟ, ನಗೆಮಾತು. ಸತ್ತವರನ್ನು ನಗಿಸಿ ಕಳಿಸುವುದು ಪದ್ಧತಿ. ಶಿಕ್ಷಕಿಯ ತಂದೆಯ ಒಂಬತ್ತನೆಯ ರಾತ್ರಿ, ರಸ್ತೆಯಲ್ಲಿ ಹೋಗುತ್ತಿದ್ದ ಅಪರಿಚಿತನೊಬ್ಬ ಮೀನಿನ ವಾಸನೆ ಹಿಡಿದು ಒಳಗೆ ಬಂದು ತಟ್ಟೆ ಹಿಡಿದು ಕೂತ. ಎಲ್ಲರೂ ಸತ್ತವರ ಬಗ್ಗೆ ಎರಡು ಮಾತು ಹೇಳುತ್ತಿದ್ದರು. ಸರದಿ ಅವನಿಗೂ ಬಂತು. ಅವನು ಎದ್ದು ನಿಂತ. ಕಣ್ಣಲ್ಲಿ ನೀರು ತಂದುಕೊಂಡ.

'ಇಂಥ ಈಜುಗಾರ ಈ ದ್ವೀಪದಲ್ಲಿ ಹುಟ್ಟಲಿಲ್ಲ. ಬಿರುಗಾಳಿಯಲ್ಲಿ ನನ್ನ ದೋಣಿ ಮಗುಚಿತ್ತು. ಈ ಪುಣ್ಯಾತ್ಮ ಸಮುದ್ರಕ್ಕೆ ಹಾರಿ, ನನ್ನ ಕೂದಲು ಹಿಡಿದು ದಡಕ್ಕೆ ಎಳೆದು ತಂದ!'

ಸತ್ತವರ ಹೆಂಡತಿ ಅವನು ಮುಗಿಸುವವರೆಗೂ ಕಾದಳು. ಆಮೇಲೆ ತಣ್ಣಗೆ ಅಂದಳು: 'ನನ್ನ ಗಂಡನಿಗೆ ನೀರೆಂದರೆ ಹೆದರಿಕೆ. ಸಾಯುವವರೆಗೂ ಮೊಣಕಾಲುದ್ದ ನೀರಿಗೆ ಇಳಿದವನಲ್ಲ.'

ಅಂಗಳ ಸ್ತಬ್ಧವಾಯಿತು. ಅವನು ತಟ್ಟೆಯಲ್ಲಿ ಉಳಿದಿದ್ದ ಮೀನು ನೋಡಿದ. ತಲೆ ಎತ್ತಿದ. 'ಅಷ್ಟು ಹೆದರುವವನು ನನಗಾಗಿ ಹಾರಿದನಲ್ಲ ತಾಯಿ, ಅದಕ್ಕೇ ಅಲ್ಲವೇ ನಾನು ಅಳುತ್ತಿರುವುದು!'

ಬಾಲ್ಕನಿಯಲ್ಲಿದ್ದ ನನ್ನ ಮಗಳಿಗೆ ಹೇಳಿದ ಕಥೆ ಇಲ್ಲಿಗೆ ಮುಗಿಯುತ್ತದೆ; ಅವಳು ಒಳಗೆ ಹೋದಳು. ದೊಡ್ಡವರಿಗೆ ಇನ್ನೊಂದು ಸಾಲು ಇದೆ. ಹೆಂಡತಿ ಅವನ ತಟ್ಟೆಗೆ ಇನ್ನೊಂದು ಮೀನು ಹಾಕಿ ಕೇಳುತ್ತಾಳೆ: 'ನನಗಿಂತ ನಿನಗೇ ಅವನ ಗುರುತು ಚೆನ್ನಾಗಿದೆ. ಹಾಗಾದರೆ ಶನಿವಾರ ಸಂಜೆ ಎಲ್ಲಿಗೆ ಹೋಗುತ್ತಿದ್ದ, ಅದನ್ನೂ ಹೇಳಿಬಿಡು.'

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಶಿಕ್ಷಕಿಯೂ ನಕ್ಕರು. ಆಮೇಲೆ ಅವರು ಹೇಳಿದ್ದನ್ನು ನಾನು ಒಂದೊಂದೇ ಸಾಲಾಗಿ ಅವ್ವನಿಗೆ ದಾಟಿಸಿದೆ. ಅವರು ಹೇಳಿದ್ದು ಇಷ್ಟು: 'ಅಪ್ಪನಿಗೆ ತನ್ನ ಹೆದರಿಕೆಯ ಬಗ್ಗೆ ಬಹಳ ನಾಚಿಕೆ ಇತ್ತು. ಊರಿನವರು ಆಡಿಕೊಳ್ಳುತ್ತಿದ್ದರು. ಅಪ್ಪ ಒಮ್ಮೆಯಾದರೂ ಸಮುದ್ರಕ್ಕೆ ಹಾರಿದ್ದು ಆ ಸುಳ್ಳಿನಲ್ಲಿ ಮಾತ್ರ. ಅವತ್ತಿನಿಂದ ನಾನು ಅಪ್ಪನನ್ನು ಅಲ್ಲಿಯೇ ಇಟ್ಟುಕೊಂಡಿದ್ದೇನೆ.'

'ಅಂವಾ ಸುಳ್ಳ ಹೇಳಿಲ್ಲ ಬಿಡ್ರಿ ಬಾಯಾರ,' ಅಂದಳು ಅವ್ವ. 'ನಿಮ್ಮಪ್ಪಗ ಒಂದ ಉಡುಗೊರಿ ಕೊಟ್ಟ ಹೋದಾ. ಇದನ್ನ ನಮ್ಮ ಮಂದಿ ಮುಂದೂ ಹೇಳ್ರಿ. ಎಲ್ಲಾರೂ ಕೇಳ್ಲಿ.'

ಅವ್ವ ಕೇಳಿದ್ದಕ್ಕೆ ಅವರು ಒಪ್ಪಿದರು. ಈ ಪ್ರಸಂಗವನ್ನು ಅವರು ಗ್ರಂಥಾಲಯದಲ್ಲಿ ಎಂದೂ ಹೇಳಿರಲಿಲ್ಲ.

ನಮ್ಮ ಬಳಗದ ಅಧ್ಯಕ್ಷೆ ಕೇಳಿದ ಕೂಡಲೇ ಖುಷಿಪಟ್ಟರು. 'ವಾವ್, ಇಂಟರ್‌ನ್ಯಾಷನಲ್ ಗೆಸ್ಟ್! ಸೂಪರ್ ಐಡಿಯಾ ಮೇಡಂ.' ರಾಜ್ಯೋತ್ಸವದ ವೇದಿಕೆಯಲ್ಲಿ ಎಲ್ಲವೂ ಕನ್ನಡದಲ್ಲೇ ಇರಬೇಕು ಎಂಬ ನಿಯಮ ನಮ್ಮದು. ಊರಿನಿಂದ ಬಂದ ತಂದೆತಾಯಂದಿರು ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಆದ್ದರಿಂದ ಶಿಕ್ಷಕಿ ಒಂದೊಂದು ಸಾಲು ಇಂಗ್ಲಿಷಿನಲ್ಲಿ ಹೇಳುವುದು, ನಾನು ಅದನ್ನು ಕನ್ನಡದಲ್ಲಿ ಹೇಳುವುದು ಎಂದಾಯಿತು.

ಕಾರ್ಯಕ್ರಮದ ಹಿಂದಿನ ವಾರ ಅಭ್ಯಾಸಕ್ಕೆ ಸೇರಿದೆವು. ಅಂದಿನ ನಿರೂಪಕ ಜೈಡಾಸ್ ಎಂಬ ಕಚೇರಿ ಬಡಾವಣೆಯ ಒಂದು ಬ್ಯಾಂಕಿನ ಐಟಿ ವಿಭಾಗದಲ್ಲಿರುವವರು. ಬೆಂಗಳೂರಿನವರು, ಮಾತಿನಲ್ಲಿ ಚುರುಕು, ಎಲ್ಲ ಕಾರ್ಯಕ್ರಮಕ್ಕೂ ಅವರೇ. ನಾನು ಹೇಳಿದ ಕಥೆ ಪೂರ್ತಿ ಕೇಳಿದ ಮೇಲೆ ಅಧ್ಯಕ್ಷೆಯ ಮುಖ ನೋಡಿದರು.

'ಮೇಡಂ, ದೀಪ ಹಚ್ಚಿದ ಮೇಲೆ ಸಾವಿನ ಕಥೆ ಬೇಡ ಮೇಡಂ. ಅಶುಭ ಅಂತಾರೆ. ಇದನ್ನ ಮದುವೆ ಮಾಡ್ಬಿಡೋಣ.'

'ಮದುವೆ?' ಅಂದೆ.

'ಹೂಂ, ಮದುವೆ ಮನೆಗೆ ಕರೀದೇ ಬಂದ ಗೆಸ್ಟ್. ಈಸಿಯಾಗಿ ವರ್ಕ್ ಆಗುತ್ತೆ. ಆಮೇಲೆ ಫಿಶ್ ಬೇಡ. ಹೋಳಿಗೆ ಮಾಡೋಣ.'

'ಹೋಳಿಗೆ ವಾಸನೆಗೆ ಸಮುದ್ರದ ಕಥೆ ಹೇಗೆ ಹೊಳೆಯುತ್ತೆ?'

'ಮೇಡಂ, ನೀವು ತುಂಬಾ ಲಾಜಿಕ್ ನೋಡ್ತೀರಿ. ಇದು ಎಂಟರ್‌ಟೇನ್‌ಮೆಂಟ್.'

ಪಕ್ಕದಲ್ಲಿ ಕೂತಿದ್ದ ಅವ್ವನಿಗೆ ಚರ್ಚೆ ಅರ್ಥವಾಗಿತ್ತು. 'ನಾವೂ ಮೀನ ತಿನ್ನಂಗಿಲ್ಲಪಾ ತಮ್ಮಾ,' ಅಂದಳು. 'ಆದ್ರ ಕಥಿಯಾಗಿನ ಮೀನ ಯಾರ ಬಾಯಿಗಿ ಹೊಕ್ಕೈತಿ?'

ನಿರೂಪಕ ಜೋರಾಗಿ ನಕ್ಕರು. ಅವ್ವ ಹೇಳಿದ ವಿಷಯಕ್ಕಲ್ಲ. 'ಅಮ್ಮ, ನಿಮ್ಮ ಭಾಷೆ ಏನ್ ಸಖತ್ತಾಗಿದೆ! ಇನ್ನೊಂದ್ಸಲ ಹೇಳಿ ಪ್ಲೀಸ್.' ಅವ್ವ ಹೇಳಲಿಲ್ಲ. ನಾನು ಪಟ್ಟು ಹಿಡಿದೆ. ಕಥೆ ಹೇಗಿದೆಯೋ ಹಾಗೆ ಹೇಳುವುದಾದರೆ ಮಾತ್ರ ಅವರನ್ನು ಕರೆತರುತ್ತೇನೆ ಎಂದೆ. ಅಧ್ಯಕ್ಷೆ ಒಪ್ಪಿದರು. ಒಪ್ಪಿದ್ದು ನಾಲ್ಕು ಜನರ ಮುಂದೆ.

ಕಾರ್ಯಕ್ರಮದ ದಿನ ಶಿಕ್ಷಕಿ ಹಳದಿ ಉಡುಪು ಹಾಕಿಕೊಂಡು ಬಂದರು. ಶಾಲು ಹೊದಿಸಿದರು, ಮೈಸೂರು ಪೇಟ ತೊಡಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ನಾನು ವೇದಿಕೆಯ ಮೆಟ್ಟಿಲು ಹತ್ತುವಾಗ ನಿರೂಪಕ ಎರಡನೆಯ ಮೈಕ್ ಹಿಡಿದು ಅಡ್ಡ ನಿಂತರು.

'ಮೇಡಂ, ನೀವು ನ್ಯೂಸ್ ಓದಿದ ಹಾಗೆ ಫ್ಲಾಟ್ ಆಗಿ ಹೇಳ್ತೀರಿ. ಕ್ರೌಡ್ ಹೋಗ್ಬಿಡುತ್ತೆ. ನಾನು ನೋಡ್ಕೋತೀನಿ.'

ನಾನು ಬಾಯಿ ತೆರೆಯುವ ಮೊದಲೇ ಅವರು ವೇದಿಕೆಯ ಮಧ್ಯದಲ್ಲಿದ್ದರು. ಅಧ್ಯಕ್ಷೆಯ ಕಡೆ ತಿರುಗಿದೆ. ಅವರು ಫೋನ್ ಎತ್ತಿ ವಿಡಿಯೊ ಮಾಡುತ್ತಿದ್ದರು.

ಶಿಕ್ಷಕಿ ಇಂಗ್ಲಿಷಿನಲ್ಲಿ ಅಂದರು: 'ನಮ್ಮಪ್ಪನ ಮನೆ ಗುಡ್ಡದ ಮೇಲಿತ್ತು. ಅಂಗಳದಿಂದ ಕೆಳಗೆ ಸಮುದ್ರ ಕಾಣುತ್ತಿತ್ತು.'

ನಿರೂಪಕ ಸೊಂಟದ ಮೇಲೆ ಕೈಯಿಟ್ಟು, ದನಿ ಎಳೆದು, ಗದಗಿನ ಭಾಷೆಯನ್ನು ಅಣಕಿಸುತ್ತಾ ಅಂದರು: 'ನಮ್ಮಪ್ಪಂದು ಗುಡ್ಡದ್ ಮ್ಯಾಲ್ ಮನಿ ಐತ್ರೀಪಾ! ಅಲ್ಲಿ ಕರೆಂಟ್ ಇಲ್ರೀಪಾ! ಕತ್ಲಾತಂದ್ರ ನಾನೂ ಕಾಣಂಗಿಲ್ರೀಪಾ!'

ಸಭಾಂಗಣ ನಗೆಯಿಂದ ಅದುರಿತು.

ಶಿಕ್ಷಕಿ ಮಾತು ನಿಲ್ಲಿಸಿದರು. ಅಲ್ಲಿ ನಗುವಂಥದ್ದು ಏನೂ ಇಲ್ಲ ಎಂದು ಅವರಿಗೆ ಗೊತ್ತು. ಸೌಜನ್ಯಕ್ಕೆ ಮುಗುಳ್ನಕ್ಕು ಮುಂದಿನ ಸಾಲು ಹೇಳಿದರು. ಅವರ ಸಾಲಿನಲ್ಲಿ ತಂದೆ ತೀರಿಕೊಂಡರು. ನಿರೂಪಕನ ಸಾಲಿನಲ್ಲಿ ಮದುವೆಯಾಯಿತು. ಅವರ ಅಪರಿಚಿತ ಮೀನು ತಿಂದ, ನಿರೂಪಕನ ಅಪರಿಚಿತ ಹೋಳಿಗೆ ತಿಂದ. ಹೆಣ ತೆಗೆದರು, ಮೀನು ತೆಗೆದರು, ಅಷ್ಟಾದ ಮೇಲೆ ಕಥೆಯಲ್ಲಿ ನಗುವುದಕ್ಕೆ ಏನೂ ಉಳಿಯಲಿಲ್ಲ. ಉಳಿದದ್ದು ವೇದಿಕೆಯ ಮೇಲೆ ನಿಂತಿದ್ದ ಕಪ್ಪು ಹೆಂಗಸೊಬ್ಬಳು. ಅವರ ಮೈ, ಅವರ ಬಣ್ಣ, ಅವರ ನಡಿಗೆ. ಅಷ್ಟರಿಂದಲೇ ನಿರೂಪಕ ನಗು ತೆಗೆದರು. ಆ ಹೆಂಗಸಿಗೆ ಕೊಡಲು ಅವರಿಗೆ ಹೊಳೆದ ದನಿ ನನ್ನ ಅವ್ವನದು. ಬೆಂಗಳೂರಿನ ವೇದಿಕೆಗಳಲ್ಲಿ ಪೆದ್ದರ ಪಾತ್ರಕ್ಕೆ ನಮ್ಮ ಕಡೆಯ ಮಾತು ಹಾಕುವುದು ಹಳೆಯ ರೂಢಿ. ಅದು ವಿಮಾನ ಹತ್ತಿ ಇಲ್ಲಿಗೂ ಬಂದಿದೆ.

ಮುಂದಿನ ಸಾಲಿನಿಂದ ಅವ್ವ ಎದ್ದು ನಿಂತಳು. 'ಏ ತಮ್ಮಾ,' ಅಂದಳು ಗಟ್ಟಿಯಾಗಿ. 'ಬಾಯಾರು ಹಂಗ ಅನ್ಲಿಲ್ಲೋ! ನೀ ಏನ್ ಹೇಳಾಕತ್ತಿ?'

ಸಭೆ ಮೊದಲಿಗಿಂತ ಜೋರಾಗಿ ನಕ್ಕಿತು. ಅದೂ ಕಾರ್ಯಕ್ರಮದ ಭಾಗ ಎಂದುಕೊಂಡರು. ನಿರೂಪಕ ಕೈ ಚಾಚಿ ತೋರಿಸಿದರು: 'ನೋಡಿ, ಒರಿಜಿನಲ್ ಪೀಸ್ ಇಲ್ಲೇ ಇದೆ!'

ಅವ್ವ ಕೂತಳು. ಅವಳ ಮುಖ ನಾನು ನೋಡಲಿಲ್ಲ, ನೋಡುವ ಧೈರ್ಯ ಇರಲಿಲ್ಲ. ಶಿಕ್ಷಕಿ ಕೊನೆಯ ಸಾಲಿಗೆ ಬಂದರು. 'ಅಷ್ಟು ಹೆದರುವವನು ನನಗಾಗಿ ಹಾರಿದನಲ್ಲ ತಾಯಿ' ಎಂದು ಹೇಳಿ, ನಗು ಬರಲಿ ಎಂದು ಕಾದರು. ಯಾರೂ ನಗಲಿಲ್ಲ. ಅವರು ಇನ್ನೂ ಸ್ವಲ್ಪ ಕಾದರು. ನಿರೂಪಕ 'ಜೋರಾಗಿ ಒಂದು ಚಪ್ಪಾಳೆ!' ಎಂದು ಕೂಗಿದರು. ಚಪ್ಪಾಳೆ ಬಿತ್ತು.

ಒಂದು ವಿಷಯ ದಾಖಲಿಸಬೇಕು. ಮುಂದಿನ ಒಂದೆರಡು ಸಾಲು ಬಿಟ್ಟರೆ ಆ ಸಭಾಂಗಣದಲ್ಲಿದ್ದ ಎಲ್ಲರೂ ದಿನವಿಡೀ ಇಂಗ್ಲಿಷಿನಲ್ಲಿ ಕೆಲಸ ಮಾಡುವವರು. ಶಿಕ್ಷಕಿ ಹೇಳಿದ್ದೂ ಅವರ ಕಿವಿಗೆ ಬಿದ್ದಿತ್ತು, ನಿರೂಪಕ ಹೇಳಿದ್ದೂ ಬಿದ್ದಿತ್ತು. ತಂದೆ ಸತ್ತರು ಎಂದು ಒಂದು ಕಿವಿಯಲ್ಲಿ ಕೇಳಿ, ಹೋಳಿಗೆ ಎಂದು ಇನ್ನೊಂದರಲ್ಲಿ ಕೇಳಿ, ಯಾವುದಕ್ಕೆ ನಗಬೇಕೆಂದು ಅವರೇ ಆರಿಸಿಕೊಂಡರು. ನಿರೂಪಕ ಒಬ್ಬನೇ ತಪ್ಪಿತಸ್ಥನಾಗಿದ್ದರೆ ನನ್ನ ಸಿಟ್ಟು ಇಷ್ಟು ದಿನ ಉಳಿಯುತ್ತಿರಲಿಲ್ಲ.

ಊಟಕ್ಕೆ ನಿಲ್ಲದೆ ನಾವು ಮೂವರೂ ಹೇಗ್ ಕಡೆಯ ರೈಲು ಹತ್ತಿದೆವು. ಶಿಕ್ಷಕಿ ಪೇಟವನ್ನು ತೊಡೆಯ ಮೇಲಿಟ್ಟುಕೊಂಡಿದ್ದರು.

'ಮನೆ ಗುಡ್ಡದ ಮೇಲಿತ್ತು ಎಂದಾಗ ನಕ್ಕರು,' ಅಂದರು. 'ಅಲ್ಲಿ ನಗು ಇಲ್ಲ. ಕೊನೆಯಲ್ಲಿ ನಗಲಿಲ್ಲ. ಅಲ್ಲಿ ನಗು ಇದೆ. ಬದುಕಿಡೀ ಮಕ್ಕಳನ್ನು ನಗಿಸಿದವಳು ನಾನು, ನಗು ಎಲ್ಲಿ ಬೀಳಬೇಕು ಎಂದು ಗೊತ್ತು. ಅವನು ಏನು ಹೇಳಿದ?'

ಮೆತ್ತಗೆ ಮಾಡಿ ಹೇಳಬಹುದಿತ್ತು. ಆದರೆ ಅವತ್ತು ಮಧ್ಯಾಹ್ನ ಅವರ ಮಾತನ್ನು ಆಗಲೇ ಒಬ್ಬರು ಬದಲಾಯಿಸಿದ್ದರು. ನಾನು ಇನ್ನೊಬ್ಬಳಾಗುವುದು ಬೇಡವಾಗಿತ್ತು. ಎಲ್ಲವನ್ನೂ ಹೇಳಿದೆ. ಕರೆಂಟ್, ಕತ್ತಲು, ಕಾಣುವುದಿಲ್ಲ ಎಂಬುದನ್ನೂ, ಅವ್ವನ ಭಾಷೆಯನ್ನು ಅವರ ಬಾಯಿಗೆ ಹಾಕಿದ್ದನ್ನೂ ಹೇಳಿದೆ.

'ಕತ್ತಲಿನದು ಹಳೆಯದು,' ಅಂದರು. 'ಹೋದ ದೇಶದಲ್ಲೆಲ್ಲ ಕೇಳಿದ್ದೇನೆ. ನನ್ನಪ್ಪನನ್ನು ಏನು ಮಾಡಿದ?'

'ಮದುವೆ ಮಾಡಿದ.'

'ಯಾರ ಜೊತೆ?'

'ಹೇಳಲಿಲ್ಲ.'

'ಸಮುದ್ರಕ್ಕೆ ಹಾರಲಿಲ್ಲವೇ?'

'ಇಲ್ಲ. ಆ ಸಾಲು ಬರುವ ಹೊತ್ತಿಗೆ ಅವನು ಕುಣಿಯುತ್ತಿದ್ದ.'

ಅವರು ಕಿಟಕಿಯ ಕಡೆ ತಿರುಗಿದರು. ಎದುರು ಕೂತಿದ್ದ ಅವ್ವ, ನಾನು ಏನು ಹೇಳಿದೆನೆಂದು ಕೇಳಲೇ ಇಲ್ಲ. 'ನಾನ ಹೇಳ್ರಿ ಅಂದಿದ್ದೆ,' ಎಂದಳು ತನ್ನಷ್ಟಕ್ಕೆ. ಅದನ್ನು ದಾಟಿಸು ಎಂದು ಅವಳು ಹೇಳಲಿಲ್ಲ. ನಾನು ದಾಟಿಸಿದೆ. ಶಿಕ್ಷಕಿ ಕೈ ಚಾಚಿ ಅವ್ವನ ಮೊಣಕಾಲು ತಟ್ಟಿದರು.

ವಿಡಿಯೊ ಬಳಗದ ಗುಂಪಿನಲ್ಲಿ ಬಂತು. ನಗುವ ಮುಖಗಳು ಸಾಲುಸಾಲಾಗಿ ಬಿದ್ದವು. ಅದನ್ನು ತೆಗೆಯಬೇಕು, ಅದೇ ಗುಂಪಿನಲ್ಲಿ ತಿದ್ದುಪಡಿ ಹಾಕಬೇಕು ಎಂದು ಬರೆದೆ. ಪತ್ರಿಕೆಯಲ್ಲಾದರೆ ತಪ್ಪು ಅಚ್ಚಾದ ಪುಟದಲ್ಲೇ ತಿದ್ದುಪಡಿ ಹಾಕುತ್ತೇವೆ. ಇಲ್ಲಿ 'ಚಿಲ್ ಮೇಡಂ', 'ಫನ್‌ಗೋಸ್ಕರ ಅಷ್ಟೇ', 'ಅವರೇ ನಗ್ತಾ ಇದ್ರಲ್ಲ' ಎಂಬ ಉತ್ತರಗಳು ಬಂದವು. ಕೊನೆಗೆ ಅಧ್ಯಕ್ಷೆ ಒಂದು ವಿಡಿಯೊ ಕರೆ ಏರ್ಪಡಿಸಿದರು. ಶಿಕ್ಷಕಿಯೂ ನನ್ನ ಅಡುಗೆಮನೆಯ ಮೇಜಿನ ಮುಂದೆ ಬಂದು ಕೂತರು.

ನಿರೂಪಕ ಇಂಗ್ಲಿಷಿನಲ್ಲಿ, ಕಚೇರಿಯ ದನಿಯಲ್ಲಿ, ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ ಎಂದರು. ಎಲ್ಲರಿಗೂ ನಿಮ್ಮ ಕಥೆ ತುಂಬಾ ಇಷ್ಟವಾಯಿತು ಎಂದೂ ಸೇರಿಸಿದರು.

'ಸಂತೋಷ,' ಅಂದರು ಶಿಕ್ಷಕಿ. 'ಹಾಗಾದರೆ ಹೇಳಿ, ಕಥೆಯಲ್ಲಿ ನೀರಿಗೆ ಹಾರಿದವರು ಯಾರು?'

ಒಬ್ಬರು ಮೈಕ್ ಮುಚ್ಚಿಕೊಂಡರು. 'ಗೆಸ್ಟ್ ಅಲ್ವಾ?' ಅಂದರು ಅಧ್ಯಕ್ಷೆ. 'ಮದುಮಗ,' ಅಂದರು ನಿರೂಪಕ.

'ನನ್ನಪ್ಪ,' ಅಂದರು ಶಿಕ್ಷಕಿ. 'ನೀವು ಯಾರೂ ಅವರನ್ನು ನೋಡಲೇ ಇಲ್ಲ.' ಕರೆ ಕತ್ತರಿಸಲು ಯಾವ ಗುಂಡಿ ಒತ್ತಬೇಕೆಂದು ನನ್ನನ್ನು ಕೇಳಿ, ಅದನ್ನು ಒತ್ತಿದರು.

ವಿಡಿಯೊ ತೆಗೆದರು. ತಿದ್ದುಪಡಿ ಹಾಕಲಿಲ್ಲ. ತೆಗೆಯುವ ಮೊದಲೇ ಅದು ಬೇರೆ ಊರಿನ ಗುಂಪುಗಳಿಗೆ ಹೋಗಿತ್ತು. ನಾನು ಬಳಗ ಬಿಟ್ಟೆ. ಅವ್ವ ಗದಗಿಗೆ ಮರಳಿದಳು. ಗ್ರಂಥಾಲಯದಲ್ಲಿ ಮೇಕೆಯೂ ದೆವ್ವವೂ ಮುಂದುವರಿದವು. ಬಾಲ್ಕನಿಯಲ್ಲಿ ಕೇಳಿದ್ದ ಮೀನಿನ ಕಥೆ ಹೇಳಿ ಎಂದು ನನ್ನ ಮಗಳು ಒಮ್ಮೆ ಕೇಳಿದಾಗ, ಅದು ಈಗ ನನಗೆ ಬಾಯಿಗೆ ಬರುತ್ತಿಲ್ಲ ಮಗಳೇ ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಒಂದೆರಡು ಬಾರಿ ನನ್ನೆದುರು ಶುರು ಮಾಡಿ, ಗುಡ್ಡದ ಮನೆ ಬಂದ ಕೂಡಲೇ ನಿಲ್ಲಿಸಿದ್ದರು. ಅಲ್ಲಿ ಆ ಸಭಾಂಗಣದ ನಗು ಕೇಳಿಸುತ್ತದೆ ಎಂದಿದ್ದರು.

ಮೊನ್ನೆ ಇಬ್ಬರೂ ಪೇಟೆಯಿಂದ ಟ್ರಾಮಿನಲ್ಲಿ ಮರಳುತ್ತಿದ್ದೆವು. ಎದುರು ಸೀಟಿನಲ್ಲಿ ಕಚೇರಿಯ ಬ್ಯಾಡ್ಜ್ ತೂಗಿಸಿಕೊಂಡ ಯುವಕನೊಬ್ಬ ಶಿಕ್ಷಕಿಯನ್ನೇ ನೋಡುತ್ತಿದ್ದ. ಗುರುತು ಹತ್ತಿತು. ಮುಖ ಅರಳಿತು. ಪಕ್ಕದಲ್ಲಿದ್ದ ಗೆಳೆಯನನ್ನು ತಿವಿದು, ದನಿ ಎಳೆದು ಅಂದ: 'ಲೋ, ಇವ್ರೇ ಕಣೋ! ಕತ್ಲಾತಂದ್ರ ನಾನೂ ಕಾಣಂಗಿಲ್ರೀಪಾ!'

ನನಗೆ ಕನ್ನಡ ಬರುತ್ತದೆ ಎಂದು ಅವನಿಗೆ ತಿಳಿದಿರಲಿಲ್ಲ. ನಾನು ಏಳುವಷ್ಟರಲ್ಲಿ ಶಿಕ್ಷಕಿ ನನ್ನ ತೋಳು ಹಿಡಿದು ಕೂರಿಸಿದರು. ಆ ಎಳೆದ ದನಿಯನ್ನು ಅವರು ಮರೆತಿರಲಿಲ್ಲ.

'ನನ್ನನ್ನು ವಿಡಿಯೊದಲ್ಲಿ ನೋಡಿದ್ದೀಯಾ?' ಎಂದು ಇಂಗ್ಲಿಷಿನಲ್ಲಿ ಅವನನ್ನು ಕೇಳಿದರು.

'ಯೆಸ್ ಮ್ಯಾಮ್! ತುಂಬಾ ಫನ್ನಿ ಮ್ಯಾಮ್!'

'ಅದರಲ್ಲಿ ಇರುವುದು ಅರ್ಧ. ಪೂರ್ತಿ ಕೇಳು.' ಅವರು ಎದ್ದು, ಟ್ರಾಮಿನ ಕಂಬ ಹಿಡಿದು, ಅವನ ಸೀಟಿನ ಪಕ್ಕವೇ ನಿಂತರು. ಬದುಕಿಡೀ ತರಗತಿಯಲ್ಲಿ ನಿಂತವರ ನಿಲುವು ಅದು. 'ನಮ್ಮಪ್ಪನ ಮನೆ ಗುಡ್ಡದ ಮೇಲಿತ್ತು,' ಎಂದರು. ಒಂದು ಕ್ಷಣ ತಡೆದರು. ಮುಂದುವರಿದರು.

ಆ ಯುವಕರು ಇಳಿಯಬೇಕಾದ ನಿಲ್ದಾಣ ಬಂತು. ಗೆಳೆಯ ಎದ್ದ, ಶಿಕ್ಷಕಿ ಅವನ ಕಡೆ ನೋಡಿದರು, ಅವನು ಕೂತ. ಬಾಗಿಲು ಮುಚ್ಚಿತು. ತಂದೆ ತೀರಿಕೊಂಡರು, ಮೀನು ಕರಿದರು, ಅಪರಿಚಿತ ಬಂದ. ಬಿರುಗಾಳಿ ಬಂತು. ಅಕ್ಕಪಕ್ಕದ ಡಚ್ಚರೂ ಕೇಳುತ್ತಿದ್ದರು. ಹೆಂಡತಿ ತನ್ನ ಮಾತು ಹೇಳಿದಳು. ಅವರು ಅಂಗಳವನ್ನು ಸ್ತಬ್ಧವಾಗಿಸಿದರು, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಆಮೇಲೆ ಅಪ್ಪನನ್ನು ಸಮುದ್ರಕ್ಕೆ ಹಾರಿಸಿದರು.

ಯುವಕ ಸರಿಯಾಗಿ ಅಲ್ಲಿಯೇ ನಕ್ಕ. ತಡೆಯಲಾಗದೆ ನಕ್ಕ. ನಕ್ಕ ಮೇಲೆ ಅವನ ಮುಖ ಬದಲಾಯಿತು. 'ನಿಮ್ಮ ಫಾದರ್ರಾ ಮ್ಯಾಮ್?' ಎಂದು ಮೆಲ್ಲಗೆ ಕೇಳಿದ.

'ಹೌದು,' ಅಂದರು. ಕ್ಷಮಿಸಿ ಎಂದು ಅವನು ಏನೋ ತೊದಲಲು ಶುರು ಮಾಡಿದ. ಅವರು ಅದಕ್ಕೆ ಕಾಯಲಿಲ್ಲ, ನಗಲೂ ಇಲ್ಲ. ಬಂದು ನನ್ನ ಪಕ್ಕ ಕೂತರು. ಸಿಟ್ಟು ಇನ್ನೂ ಇಳಿದಿರಲಿಲ್ಲ; ಚೀಲವನ್ನು ತೊಡೆಯ ಮೇಲೆ ಬಡಿದಿಟ್ಟುಕೊಂಡರು.

'ಬಾಲ ಹೇಳಲಿಲ್ಲ ನೀವು,' ಅಂದೆ.

'ಅದು ಇವನಿಗಲ್ಲ,' ಅಂದರು.